ಕೌಟಿಲೀಯ ಅರ್ಥಶಾಸ್ತ್ರ: ಓಲೆಗರಿಯಿಂದ ಅಚ್ಚಿನ ಪುಟಕ್ಕೆ

೧

ಪ್ರಾಚೀನ ಗ್ರಂಥವೊಂದು ಅಚ್ಚಾಗಿ ನಮ್ಮ ಕೈಸೇರಿದಾಗ ಅದರ ಮುಖಪುಟದಲ್ಲಿ ಸಾಮಾನ್ಯವಾಗಿ ಎರಡು ಹೆಸರುಗಳು ಕಾಣುತ್ತವೆ: ಗ್ರಂಥಕರ್ತನದು ಒಂದು, ಸಂಪಾದಕನದು ಇನ್ನೊಂದು. ಇವರಿಬ್ಬರ ನಡುವೆ ಗ್ರಂಥವು ಹಾದುಬಂದ ದಾರಿ ಅಲ್ಲಿ ಕಾಣುವುದಿಲ್ಲ. ಓಲೆಯನ್ನು ತಲೆಮಾರುಗಳ ಕಾಲ ಕಾಪಾಡಿದವರು, ಅದನ್ನು ಭಂಡಾರಕ್ಕೆ ತಂದುಕೊಟ್ಟವರು, ಹಳೆಯ ಲಿಪಿಯನ್ನು ಓದಿ ಕಾಗದಕ್ಕೆ ಇಳಿಸಿದವರು, ಮೊಳೆ ಜೋಡಿಸಿದವರು, ಕರಡಚ್ಚು ತಿದ್ದಿದವರು, ಮುದ್ರಣದ ವೆಚ್ಚವನ್ನು ವಹಿಸಿದವರು—ಇವರೆಲ್ಲರ ನಿರ್ಧಾರಗಳೂ ನಾವು ಓದುವ ಪಾಠದಲ್ಲಿ ಸೇರಿಹೋಗಿರುತ್ತವೆ. ಇತಿಹಾಸದ ಅಭ್ಯಾಸಿಗೆ ಆಕರಗ್ರಂಥದ ಈ ಪೂರ್ವಚರಿತ್ರೆ ತಿಳಿದಿರಬೇಕಾದುದು ಅವಶ್ಯಕ. ತಿಳಿಯದಿದ್ದರೆ ಲಿಪಿಕಾರನ ಕೈತಪ್ಪನ್ನೋ ಸಂಪಾದಕನ ಊಹೆಯನ್ನೋ ಮೌರ್ಯರ ಕಾಲದ ಸಂಗತಿಯೆಂದು ಭ್ರಮಿಸುವ ಅಪಾಯವುಂಟು.

ಈ ದೃಷ್ಟಿಯಿಂದ ಪರಿಶೀಲಿಸಲು ಕೌಟಿಲೀಯ ಅರ್ಥಶಾಸ್ತ್ರಕ್ಕಿಂತ ಉತ್ತಮವಾದ ನಿದರ್ಶನ ನಮ್ಮ ನಾಡಿನಲ್ಲಿ ಬೇರೊಂದಿಲ್ಲ. ಶತಮಾನಗಳ ಕಾಲ ಹೆಸರಿನಿಂದ ಮಾತ್ರ ಪರಿಚಿತವಾಗಿದ್ದ ಈ ಗ್ರಂಥವು ಮೈಸೂರಿನಲ್ಲಿ ಬೆಳಕಿಗೆ ಬಂದು, ಮೈಸೂರಿನಲ್ಲಿಯೇ ೧೯೦೯ರಲ್ಲಿ ಅಚ್ಚಾಯಿತೆಂಬುದು ವಿದ್ವಾಂಸರಿಗೆಲ್ಲ ವಿದಿತವಾದ ಸಂಗತಿ. ಆದರೆ ಈ ಪ್ರಕಟಣೆಯನ್ನು ಒಂದು ‘ಶೋಧ’ವೆಂದು ಕೊಂಡಾಡುವ ವಾಡಿಕೆ ಬೆಳೆದಷ್ಟು, ಅದನ್ನು ಒಂದು ‘ಕಾರ್ಯ’ವೆಂದು, ಹಂತಹಂತವಾಗಿ ನಿರ್ವಹಿಸಿದ ಕೆಲಸವೆಂದು ವಿವೇಚಿಸುವ ವಾಡಿಕೆ ಬೆಳೆದಿಲ್ಲ. ಈ ಕೆಲಸದ ಮಧ್ಯದಲ್ಲಿ ಒಂದು ಕಠಿಣವಾದ ಪ್ರಶ್ನೆಯಿತ್ತು: ಮುಖ್ಯವಾಗಿ ಒಂದೇ ಹಸ್ತಪ್ರತಿಯನ್ನು ನಂಬಿ ಇಂಥ ಮಹತ್ತ್ವದ ಗ್ರಂಥವನ್ನು ಅಚ್ಚು ಮಾಡಬಹುದೆ, ಅಥವಾ ಪ್ರತ್ಯಂತರಗಳು ದೊರೆಯುವವರೆಗೆ ಕಾಯಬೇಕೆ? ಈ ಪ್ರಶ್ನೆಗೆ ಮೈಸೂರು ಕೊಟ್ಟ ಉತ್ತರವೇನು, ಅದರಿಂದಾದ ಲಾಭನಷ್ಟಗಳೇನು ಎಂಬುದನ್ನು ಪ್ರಕೃತ ಲೇಖನದಲ್ಲಿ ವಿಚಾರಿಸಲಾಗಿದೆ.

೨

ಮೈಸೂರಿನ ಸರ್ಕಾರಿ ಓರಿಯೆಂಟಲ್ ಲೈಬ್ರರಿಯು ಹತ್ತನೆಯ ಚಾಮರಾಜ ಒಡೆಯರ ಕಾಲದಲ್ಲಿ, ೧೮೯೧ರಲ್ಲಿ ಸ್ಥಾಪಿತವಾಯಿತು. ಹಸ್ತಪ್ರತಿಗಳನ್ನು ಸಂಗ್ರಹಿಸಿಡುವುದರ ಜೊತೆಗೆ ಅವುಗಳನ್ನು ಸಂಪಾದಿಸಿ ಮಾಲೆಯಾಗಿ ಪ್ರಕಟಿಸುವುದೂ ಅದರ ಉದ್ದೇಶವಾಗಿತ್ತು. ಈ ಅಂಶ ಮುಖ್ಯವಾದುದು. ಕೇವಲ ಸಂಗ್ರಹಾಲಯವಾಗಿದ್ದಲ್ಲಿ ಅರ್ಥಶಾಸ್ತ್ರದ ಓಲೆಕಟ್ಟು ಅಲ್ಲಿಯೂ ಮರಳಿ ಕತ್ತಲೆಗೆ ಸೇರಬಹುದಾಗಿತ್ತು. ಅಲ್ಲಿ ಪಂಡಿತರಿದ್ದರು, ಪ್ರಕಟಣೆಯ ಕ್ರಮವೊಂದು ಆಗಲೇ ರೂಢಿಗೆ ಬಂದಿತ್ತು, ಸರ್ಕಾರದ ಮುದ್ರಣಾಲಯದ ಸೌಕರ್ಯವಿತ್ತು. ಅರ್ಥಶಾಸ್ತ್ರವು ಆ ಸಂಸ್ಕೃತ ಗ್ರಂಥಮಾಲೆಯಲ್ಲಿ ೩೭ನೆಯ ಪುಸ್ತಕವಾಗಿ ಹೊರಬಂದಿತೆಂಬುದನ್ನು ನೆನೆದರೆ, ಅದಕ್ಕೆ ಮುಂಚೆಯೇ ಆ ಸಂಸ್ಥೆ ಪಡೆದಿದ್ದ ಅನುಭವವೆಷ್ಟೆಂಬುದು ಊಹ್ಯವಾಗುತ್ತದೆ.

ಈ ಲೈಬ್ರರಿಯ ಗ್ರಂಥಪಾಲಕರಾಗಿದ್ದವರು ರುದ್ರಪಟ್ಟಣದ ಆರ್. ಶಾಮಶಾಸ್ತ್ರಿಗಳು (೧೮೬೮–೧೯೪೪). ತಂಜಾವೂರು ಜಿಲ್ಲೆಯ ಪಂಡಿತರೊಬ್ಬರು ತಂದೊಪ್ಪಿಸಿದ ತಾಳೆಯೋಲೆಯ ಕಟ್ಟೊಂದು ಅವರ ಕಣ್ಣಿಗೆ ಬಿದ್ದಿತು. ಅದು ಗ್ರಂಥಲಿಪಿಯಲ್ಲಿತ್ತು. ಮೂಲದೊಂದಿಗೆ ಭಟ್ಟಸ್ವಾಮಿಯು ಎರಡನೆಯ ಅಧಿಕರಣದ ಒಂದು ಭಾಗಕ್ಕೆ ಬರೆದ ವ್ಯಾಖ್ಯಾನದ ತುಣುಕೂ ದೊರೆಯಿತು. ಓಲೆಯನ್ನು ತಂದುಕೊಟ್ಟ ಆ ಪಂಡಿತರು ಈ ಗ್ರಂಥದ ಚರಿತ್ರೆಯಲ್ಲಿ ‘ತಂಜಾವೂರು ಜಿಲ್ಲೆಯ ಪಂಡಿತ’ರೆಂದೇ ಉಳಿದುಹೋಗಿದ್ದಾರೆ.

ಕೈಗೆ ಬಂದ ಗ್ರಂಥ ಯಾವುದೆಂದು ನಿರ್ಣಯಿಸುವುದು ಮೊದಲನೆಯ ಕೆಲಸ. ಓಲೆಯ ಮೇಲಿನ ಹೆಸರನ್ನಷ್ಟೇ ನಂಬುವಂತಿರಲಿಲ್ಲ. ಚಾಣಕ್ಯನ ಹೆಸರಿನಲ್ಲಿ ನೀತಿಶ್ಲೋಕಗಳ ಸಂಕಲನಗಳು ದೇಶದಾದ್ಯಂತ ಬಳಕೆಯಲ್ಲಿದ್ದುವು. ಇಲ್ಲಿ ಒದಗಿಬಂದುದು ಇತರ ಗ್ರಂಥಗಳ ಸಾಕ್ಷ್ಯ. ದಂಡಿಯ ದಶಕುಮಾರಚರಿತದಲ್ಲಿ ವಿಷ್ಣುಗುಪ್ತನು ಮೌರ್ಯನಿಗಾಗಿ ದಂಡನೀತಿಯನ್ನು ಆರು ಸಾವಿರ ಶ್ಲೋಕಗಳಲ್ಲಿ ಸಂಕ್ಷೇಪಿಸಿದನೆಂಬ ಮಾತಿದೆ. ಕಾಮಂದಕನು ತನ್ನ ನೀತಿಸಾರದಲ್ಲಿ ವಿಷ್ಣುಗುಪ್ತನಿಗೆ ನಮಿಸಿ ಆತನ ಗ್ರಂಥವನ್ನೇ ಅನುಸರಿಸಿದ್ದಾನೆ. ಬಾಣನು ಕಾದಂಬರಿಯಲ್ಲಿ ಕೌಟಿಲ್ಯನ ಶಾಸ್ತ್ರವನ್ನು ಕ್ರೂರವೆಂದು ಹಳಿದಿದ್ದಾನೆ. ಮಲ್ಲಿನಾಥನು ಕಾಳಿದಾಸನ ಕಾವ್ಯಕ್ಕೆ ವ್ಯಾಖ್ಯಾನ ಬರೆಯುವಾಗ ಕೌಟಿಲ್ಯನ ವಾಕ್ಯಗಳನ್ನು ಉದಾಹರಿಸಿದ್ದಾನೆ. ಈ ಚದುರಿದ ಉಲ್ಲೇಖಗಳನ್ನು ಓಲೆಯ ಪಾಠದೊಡನೆ ಹೋಲಿಸಿ ನೋಡಿದಾಗ, ಕಳೆದುಹೋಯಿತೆಂದು ಭಾವಿಸಲಾಗಿದ್ದ ಗ್ರಂಥ ಇದೇ ಎಂಬುದು ದೃಢಪಟ್ಟಿತು. ಗ್ರಂಥದೊಳಗಿನ ಲೆಕ್ಕವೂ ನೆರವಿಗೆ ಬಂದಿತು. ತನ್ನಲ್ಲಿ ೧೫ ಅಧಿಕರಣ, ೧೫೦ ಅಧ್ಯಾಯ, ೧೮೦ ಪ್ರಕರಣಗಳಿವೆಯೆಂದು ಗ್ರಂಥವೇ ಮೊದಲ ಅಧ್ಯಾಯದಲ್ಲಿ ಹೇಳಿಕೊಳ್ಳುತ್ತದೆ. ಹೀಗೆ ಆದ್ಯಂತ ಎಣಿಸಿ ನೋಡಲು ಸಂಪಾದಕನಿಗೆ ಒಂದು ಅಳತೆಗೋಲು ದೊರೆತಂತಾಯಿತು.

೩

ಎರಡನೆಯದು ಓಲೆಯ ಪಾಠವನ್ನು ಮುದ್ರಣಕ್ಕೆ ಯೋಗ್ಯವಾದ ಪ್ರತಿಯಾಗಿ ಮಾಡುವ ಕೆಲಸ. ಇದನ್ನು ಬರಿಯ ನಕಲು ಎಂದು ತಿಳಿಯುವುದು ಸರಿಯಲ್ಲ. ತಾಳೆಯೋಲೆಯಲ್ಲಿ ಕಬ್ಬಿಣದ ಕಂಠದಿಂದ ಕೊರೆದ ಅಕ್ಷರಗಳಿಗೆ ಮಸಿ ಸವರಿ ಓದಬೇಕು. ಸಾಲುಗಳು ಒತ್ತಾಗಿ, ಪದಗಳ ನಡುವೆ ತೆರಪಿಲ್ಲದೆ ಸಾಗುತ್ತವೆ. ಅಂಚು ಮುರಿದಲ್ಲಿ, ಹುಳು ತಿಂದಲ್ಲಿ ಅಕ್ಷರಗಳು ಲೋಪವಾಗುತ್ತವೆ. ಗ್ರಂಥಲಿಪಿಯಿಂದ ನಾಗರಿಗೆ ತರುವಾಗ ಒಂದನ್ನೊಂದು ಹೋಲುವ ಅಕ್ಷರಗಳಲ್ಲಿ ಯಾವುದು ಎಂಬುದನ್ನು ಪ್ರತಿಯೊಂದು ಸಲವೂ ನಿರ್ಧರಿಸಬೇಕು. ಅರ್ಥಶಾಸ್ತ್ರದಲ್ಲಿ ಈ ಕಷ್ಟ ಇಮ್ಮಡಿಯಾಗುತ್ತದೆ. ಛಂದೋಬದ್ಧವಾದ ಕಾವ್ಯದಲ್ಲಿ ಗಣ, ಮಾತ್ರೆ, ಯತಿಗಳು ತಪ್ಪನ್ನು ತೋರಿಸಿಕೊಡುತ್ತವೆ. ಇದಾದರೋ ಬಹುಭಾಗ ಗದ್ಯ. ಚಿಕ್ಕ ಚಿಕ್ಕ ಸೂತ್ರವಾಕ್ಯಗಳು. ಗಣಿ, ಟಂಕಸಾಲೆ, ನೇಯ್ಗೆ, ಕೋಟೆ, ಸುಂಕ, ಆನೆ ಕುದುರೆಗಳು ಮೊದಲಾದ ವಿಷಯಗಳಿಗೆ ಸಂಬಂಧಿಸಿದ, ಬೇರೆಲ್ಲಿಯೂ ಬಳಕೆಯಿಲ್ಲದ ಪಾರಿಭಾಷಿಕ ಶಬ್ದಗಳು. ಕಾವ್ಯಪಾಠಕನ ಕಿವಿ ಇಲ್ಲಿ ನೆರವಾಗದು.

ಸ್ವಾರಸ್ಯದ ಸಂಗತಿಯೆಂದರೆ, ಈ ಕಷ್ಟಗಳ ಅರಿವು ಅರ್ಥಶಾಸ್ತ್ರಕಾರನಿಗೇ ಇದ್ದುದು. ಎರಡನೆಯ ಅಧಿಕರಣದಲ್ಲಿ ರಾಜಶಾಸನಗಳನ್ನು ಬರೆಯುವ ವಿಧಾನವನ್ನು ಕುರಿತೇ ಒಂದು ಅಧ್ಯಾಯವಿದೆ. ಲೇಖಕನಾದವನು ಬೇಗ ವಾಕ್ಯ ರಚಿಸಬಲ್ಲವನೂ ಅಂದವಾದ ಅಕ್ಷರವುಳ್ಳವನೂ ಬರೆದುದನ್ನು ಓದಿ ಹೇಳಬಲ್ಲವನೂ ಆಗಿರಬೇಕೆಂದು ಅಲ್ಲಿ ವಿಧಿಸಿದೆ. ಬರೆಹದ ಗುಣಗಳನ್ನು ಎಣಿಸಿದಂತೆಯೇ ಐದು ದೋಷಗಳನ್ನೂ ಎಣಿಸಿದೆ. ಅವುಗಳಲ್ಲಿ ‘ಸಂಪ್ಲವ’ವೆಂಬುದು ವಿಭಾಗಿಸಬಾರದಲ್ಲಿ ವಿಭಾಗಿಸುವುದು, ವಿಭಾಗಿಸಬೇಕಾದಲ್ಲಿ ಬಿಡುವುದು. ತೆರಪಿಲ್ಲದ ಓಲೆಯ ಸಾಲನ್ನು ಪದಪದವಾಗಿ, ವಾಕ್ಯವಾಕ್ಯವಾಗಿ ಬಿಡಿಸಿ ಮುದ್ರಣಪ್ರತಿ ಸಿದ್ಧಪಡಿಸುವವನು ಪ್ರತಿ ಸಾಲಿನಲ್ಲಿಯೂ ಎದುರಿಸುವುದು ಇದೇ ದೋಷದ ಭಯವನ್ನು. ವಿರಾಮವೊಂದು ಅತ್ತಿತ್ತ ಸರಿದರೆ ಒಬ್ಬ ಅಧಿಕಾರಿಯ ಕರ್ತವ್ಯ ಇನ್ನೊಬ್ಬನಿಗೆ ಸೇರುತ್ತದೆ. ಒಂದು ಅಪರಾಧದ ದಂಡ ಬೇರೊಂದಕ್ಕೆ ಅಂಟಿಕೊಳ್ಳುತ್ತದೆ.

ಒಂದೇ ಸ್ವರಚಿಹ್ನೆಯ ವ್ಯತ್ಯಾಸದಿಂದ ಎಷ್ಟು ದೊಡ್ಡ ಚರ್ಚೆ ಹುಟ್ಟಬಹುದೆಂಬುದಕ್ಕೆ ಗ್ರಂಥಕರ್ತನ ಹೆಸರೇ ಸಾಕ್ಷಿ. ಮೈಸೂರಿನ ಆವೃತ್ತಿಯಲ್ಲಿ ಆತನು ‘ಕೌಟಿಲ್ಯ’. ಮುಂದೆ ತಿರುವನಂತಪುರದಿಂದ ಹೊರಬಂದ ಆವೃತ್ತಿಯಲ್ಲಿ ಟಿ. ಗಣಪತಿಶಾಸ್ತ್ರಿಗಳು ಆತನನ್ನು ‘ಕೌಟಲ್ಯ’ನೆಂದು ಕರೆದು, ಕುಟಲ ಎಂಬ ಗೋತ್ರದಿಂದ ಬಂದ ಹೆಸರಿದೆಂದು ಪ್ರತಿಪಾದಿಸಿದರು. ಮೊದಲನೆಯದರಲ್ಲಿ ಕುಟಿಲತೆಯ ಧ್ವನಿಯಿದೆ. ಎರಡನೆಯದು ಬರಿಯ ವಂಶನಾಮ. ಒಂದು ಗುಡಿಸು ಇದ್ದರೆ ಒಂದು ಅರ್ಥ, ಇಲ್ಲದಿದ್ದರೆ ಇನ್ನೊಂದು.

೪

ಮೂರನೆಯದು ಮುದ್ರಣಾಲಯದ ಹಂತ. ಅರ್ಥಶಾಸ್ತ್ರದ ಮೂಲವು ಮೈಸೂರಿನ ಸರ್ಕಾರಿ ಶಾಖಾ ಮುದ್ರಣಾಲಯದಲ್ಲಿ ಅಚ್ಚಾಯಿತು. ಅದು ಸೀಸದ ಮೊಳೆಗಳನ್ನು ಒಂದೊಂದಾಗಿ ಕೈಯಿಂದ ಆರಿಸಿ ಜೋಡಿಸುತ್ತಿದ್ದ ಕಾಲ. ನಾಗರಿಯಲ್ಲಿ ಸಂಯುಕ್ತಾಕ್ಷರಗಳು ಹೇರಳವಾದ್ದರಿಂದ ಮೊಳೆಗಳ ಬಗೆಗಳು ನೂರಾರು. ಮೊಳೆಯ ಸಂಗ್ರಹವು ಮಿತವಾಗಿದ್ದಲ್ಲಿ ಇಡೀ ಗ್ರಂಥವನ್ನು ಒಮ್ಮೆಗೇ ಜೋಡಿಸಿಡಲಾಗದು. ಕೆಲವು ಪುಟಗಳ ಫಾರಂ ಸಿದ್ಧವಾದೊಡನೆ ಅದರ ಕರಡಚ್ಚು ತೆಗೆದು ತಿದ್ದಿ, ಅಚ್ಚು ಹಾಕಿ, ಮೊಳೆಗಳನ್ನು ಬಿಚ್ಚಿ ಮತ್ತೆ ಮನೆಗಳಿಗೆ ತುಂಬಿ ಮುಂದಿನ ಪುಟಗಳಿಗೆ ಬಳಸಬೇಕು. ಇದರ ಪರಿಣಾಮ ಸಂಪಾದಕನ ಮೇಲೆ ಆಗುತ್ತದೆ. ಹದಿನಾಲ್ಕನೆಯ ಅಧಿಕರಣವನ್ನು ಓದುವಾಗ ಎರಡನೆಯ ಅಧಿಕರಣದ ಪಾಠವೊಂದು ತಪ್ಪೆಂದು ಹೊಳೆದರೂ, ಆ ಪುಟ ಆಗಲೇ ಅಚ್ಚಾಗಿ ಹೋಗಿರುತ್ತದೆ. ಉಳಿಯುವುದು ಕೊನೆಯಲ್ಲಿ ಒಪ್ಪೋಲೆಯೊಂದನ್ನು ಸೇರಿಸುವ ಉಪಾಯ, ಅಥವಾ ಎರಡನೆಯ ಆವೃತ್ತಿಗಾಗಿ ಕಾಯುವುದು. ಆ ಕಾಲದ ಗ್ರಂಥಗಳಲ್ಲಿ ಒಪ್ಪೋಲೆಗಳು ದೀರ್ಘವಾಗಿರುವುದನ್ನು ಕಂಡು ಅಶ್ರದ್ಧೆಯೆಂದು ಭಾವಿಸುವವರು ಈ ಕ್ರಮವನ್ನು ಗಮನಿಸಬೇಕು.

ಹೀಗಿರುವಾಗ, ಪ್ರತ್ಯಂತರಗಳು ದೊರೆಯುವವರೆಗೆ ತಡೆಯುವುದೇ ಮೇಲಲ್ಲವೆ ಎಂಬ ಪ್ರಶ್ನೆ ಸಹಜವಾಗಿಯೇ ಏಳುತ್ತದೆ. ಗ್ರಂಥಸಂಪಾದನಶಾಸ್ತ್ರದ ನಿಯಮವೂ ಅದೇ: ದೊರೆಯುವ ಪ್ರತಿಗಳನ್ನೆಲ್ಲ ಕೂಡಿಹಾಕಿ, ಅವುಗಳ ಪರಸ್ಪರ ಸಂಬಂಧವನ್ನು ನಿಶ್ಚಯಿಸಿ, ಅನಂತರ ಪಾಠನಿರ್ಣಯ ಮಾಡಬೇಕು. ಆದರೆ ನಿಯಮಕ್ಕೆ ಎದುರಾಗಿ ಒಂದು ಅಪಾಯವನ್ನೂ ತೂಗಿ ನೋಡಬೇಕಾಗುತ್ತದೆ. ಹಸ್ತಪ್ರತಿ ಒಂದೇ ಇದ್ದಾಗ ಅದರ ನಾಶವೆಂದರೆ ಗ್ರಂಥದ ನಾಶವೇ ಸರಿ. ಇದಕ್ಕೆ ಭಾರತೀಯ ಮುದ್ರಣದ ಚರಿತ್ರೆಯಲ್ಲಿಯೇ ಒಂದು ಕಠೋರವಾದ ದೃಷ್ಟಾಂತವುಂಟು. ೧೮೧೨ರ ಮಾರ್ಚ್ ೧೧ರಂದು ಬಂಗಾಳದ ಶ್ರೀರಾಮಪುರದ ಮಿಷನ್ ಮುದ್ರಣಾಲಯಕ್ಕೆ ಬೆಂಕಿ ಬಿದ್ದಿತು. ವಿಲಿಯಂ ಕೇರಿಯ ಕನ್ನಡ ವ್ಯಾಕರಣವು ೧೮೧೭ರಲ್ಲಿ ಅಚ್ಚಾದುದು ಇದೇ ಊರಿನಲ್ಲಿ. ಬೆಂಕಿಯಲ್ಲಿ ಅನೇಕ ಭಾಷೆಗಳ ಮೊಳೆಗಳು ಕರಗಿಹೋದುವು. ಆದರೆ ಮೊಳೆ ಎರಕ ಹೊಯ್ಯಲು ಬೇಕಾದ ಉಕ್ಕಿನ ಅಚ್ಚುಗಳು ಬೂದಿಯ ನಡುವೆ ಕೆಡದೆ ದೊರೆತುದರಿಂದ, ಕರಗಿದ ಲೋಹದಿಂದಲೇ ಮತ್ತೆ ಮೊಳೆಗಳನ್ನು ಎರೆದು ಮುದ್ರಣವನ್ನು ಬೇಗನೆ ಮುಂದುವರಿಸಲು ಸಾಧ್ಯವಾಯಿತು. ಸುಟ್ಟ ಹಸ್ತಪ್ರತಿಗಳನ್ನು ಮಾತ್ರ ಮರಳಿ ಪಡೆಯಲಾಗಲಿಲ್ಲ. ಕೇರಿಯು ವರ್ಷಗಟ್ಟಲೆ ದುಡಿದು ಸಂಗ್ರಹಿಸುತ್ತಿದ್ದ ಬಹುಭಾಷಾ ನಿಘಂಟು ಅಲ್ಲಿಗೇ ಮುಗಿಯಿತು. ಅಚ್ಚಾದ ತಪ್ಪನ್ನು ತಿದ್ದಬಹುದು, ಅಚ್ಚಾಗದೆ ನಾಶವಾದುದನ್ನು ತಿದ್ದಲಾಗದು ಎಂಬುದು ಇದರಿಂದ ಸ್ಪಷ್ಟವಾಗುತ್ತದೆ.

೫

ಶಾಮಶಾಸ್ತ್ರಿಗಳು ಅನುಸರಿಸಿದ ಮಾರ್ಗ ಈ ಎರಡು ಕೊನೆಗಳ ನಡುವಿನದು. ಅವರು ಕಾಯುತ್ತ ಕೂರಲಿಲ್ಲ. ಎಲ್ಲವನ್ನೂ ಒಮ್ಮೆಗೇ ಹೊರಗೆಡಹಲೂ ಇಲ್ಲ. ೧೯೦೫ರಲ್ಲಿ ಚಾಣಕ್ಯನ ಭೂಮಿ ಮತ್ತು ಕಂದಾಯ ನೀತಿಯನ್ನು ಕುರಿತ ಅವರ ಲೇಖನವು ‘ಇಂಡಿಯನ್ ಆಂಟಿಕ್ವೆರಿ’ಯಲ್ಲಿ ಪ್ರಕಟವಾಯಿತು. ಅಲ್ಲಿಂದ ಮುಂದೆ ಗ್ರಂಥದ ಭಾಗಗಳ ಇಂಗ್ಲಿಷ್ ಅನುವಾದವು ಆ ಪತ್ರಿಕೆಯಲ್ಲಿಯೂ ‘ಮೈಸೂರ್ ರಿವ್ಯೂ’ ಪತ್ರಿಕೆಯಲ್ಲಿಯೂ ಬಿಡಿಬಿಡಿಯಾಗಿ ಹೊರಬರತೊಡಗಿತು. ೧೯೦೯ರಲ್ಲಿ ಮೂಲಗ್ರಂಥ ಅಚ್ಚಾಯಿತು. ೧೯೧೫ರಲ್ಲಿ ಸಮಗ್ರವಾದ ಇಂಗ್ಲಿಷ್ ಅನುವಾದವು ಬೆಂಗಳೂರಿನ ಸರ್ಕಾರಿ ಮುದ್ರಣಾಲಯದಿಂದ ಪುಸ್ತಕರೂಪದಲ್ಲಿ ಪ್ರಕಟವಾಯಿತು. ಅದಕ್ಕೆ ಪೀಠಿಕೆಯನ್ನು ಬರೆದವರು ಕನ್ನಡ ನಾಡಿನ ಶಾಸನಗಳಲ್ಲಿ ದೀರ್ಘಕಾಲ ಪರಿಶ್ರಮ ಮಾಡಿದ ಜೆ. ಎಫ್. ಫ್ಲೀಟ್ ಅವರು.

ಈ ಕ್ರಮದಿಂದಾದ ಪ್ರಯೋಜನ ದೊಡ್ಡದು. ಮೂಲವು ಅಚ್ಚಾಗುವ ಮೊದಲೇ, ೧೯೦೮ರಲ್ಲಿ, ಜರ್ಮನಿಯ ವಿದ್ವಾಂಸ ಆಲ್ಫ್ರೆಡ್ ಹಿಲ್ಲೆಬ್ರಾಂಟ್ ಅವರು ಕೌಟಿಲೀಯವನ್ನು ಕುರಿತು ಪ್ರಬಂಧವನ್ನು ಪ್ರಕಟಿಸಿದರು. ೧೯೧೧–೧೨ರಲ್ಲಿ ಹೆರ್ಮಾನ್ ಯಾಕೋಬಿ ಅವರು ಇದು ಚಂದ್ರಗುಪ್ತನ ಮಂತ್ರಿಯ ಕೃತಿಯೇ ಎಂಬ ಪಕ್ಷವನ್ನು ಸಮರ್ಥಿಸಿದರು. ೧೯೧೪ರಲ್ಲಿ ನರೇಂದ್ರನಾಥ ಲಾ ಅವರು ಪ್ರಾಚೀನ ಹಿಂದೂ ರಾಜ್ಯಪದ್ಧತಿಯನ್ನು ಕುರಿತ ತಮ್ಮ ಗ್ರಂಥವನ್ನು ಇದರ ಆಧಾರದ ಮೇಲೆ ರಚಿಸಿದರು. ಹೀಗೆ ಸಮಗ್ರ ಅನುವಾದವು ಪುಸ್ತಕವಾಗುವುದರೊಳಗಾಗಿಯೇ ಅದನ್ನು ಪರೀಕ್ಷಿಸಬಲ್ಲ ಓದುಗರ ವರ್ಗವೊಂದು ಸಿದ್ಧವಾಗಿತ್ತು. ಕರಡಚ್ಚನ್ನು ಮುದ್ರಣಾಲಯದೊಳಗೆ ಒಬ್ಬಿಬ್ಬರು ತಿದ್ದುತ್ತಾರೆ. ಪತ್ರಿಕೆಗಳಲ್ಲಿ ಬಂದ ಭಾಗಗಳನ್ನು ಲೋಕದ ವಿದ್ವಾಂಸರೆಲ್ಲ ಪರಿಶೀಲಿಸಬಹುದಾಯಿತು.

೬

ಪ್ರಥಮ ಮುದ್ರಣದಿಂದ ಗ್ರಂಥದ ನಿರ್ಮಾಣವು ಮುಗಿಯಲಿಲ್ಲವೆಂಬುದೇ ಈ ಚರಿತ್ರೆಯಲ್ಲಿ ಗಮನಾರ್ಹವಾದ ಅಂಶ. ಮೈಸೂರಿನಿಂದಲೇ ಮೂಲದ ಎರಡನೆಯ ಆವೃತ್ತಿ ೧೯೧೯ರಲ್ಲಿಯೂ ಮೂರನೆಯದು ೧೯೨೪ರಲ್ಲಿಯೂ ಹೊರಬಂದುವು. ೧೯೨೪–೨೫ರಲ್ಲಿ ಶಾಮಶಾಸ್ತ್ರಿಗಳು ಗ್ರಂಥದ ಪದಗಳಿಗೆಲ್ಲ ಅಕಾರಾದಿ ಸೂಚಿಯನ್ನು ಮೂರು ಸಂಪುಟಗಳಲ್ಲಿ ಒದಗಿಸಿದರು. ಇದು ಓದುಗರು ಹೊಗಳುವ ಬಗೆಯ ಕೆಲಸವಲ್ಲ. ಆದರೆ ಒಂದು ಪಾರಿಭಾಷಿಕ ಶಬ್ದವು ಎಲ್ಲೆಲ್ಲಿ, ಯಾವ ಅರ್ಥದಲ್ಲಿ ಬಂದಿದೆಯೆಂದು ಒಟ್ಟಿಗೆ ನೋಡಿ ಸಂಪಾದಕನ ಪಾಠವನ್ನೇ ಪ್ರಶ್ನಿಸುವ ಸಾಧನವನ್ನು ಸಂಪಾದಕರೇ ಪರರ ಕೈಗೆ ಕೊಟ್ಟಂತಾಯಿತು.

ಅಚ್ಚಾದ ಪುಸ್ತಕವು ಇನ್ನೊಂದು ಉಪಕಾರವನ್ನೂ ಮಾಡಿತು. ಹುಡುಕಬೇಕಾದುದೇನೆಂದು ಗೊತ್ತಾದ ಮೇಲೆ ಬೇರೆ ಪ್ರತಿಗಳು ಬಳಕೆಗೆ ಬಂದುವು. ಯೂಲಿಯುಸ್ ಯೋಲಿ ಮತ್ತು ರಿಚರ್ಡ್ ಶ್ಮಿಟ್ ಅವರ ಆವೃತ್ತಿ ಲಾಹೋರಿನಿಂದ ೧೯೨೩–೨೪ರಲ್ಲಿ ಪ್ರಕಟವಾಯಿತು. ಗಣಪತಿಶಾಸ್ತ್ರಿಗಳು ೧೯೨೪–೨೫ರಲ್ಲಿ ಮಲಯಾಳ ಲಿಪಿಯ ಪ್ರತಿಗಳನ್ನೂ ಹಳೆಯ ಮಲಯಾಳ ಭಾಷಾವ್ಯಾಖ್ಯಾನವನ್ನೂ ಬಳಸಿ, ತಮ್ಮದೇ ಆದ ಶ್ರೀಮೂಲವೆಂಬ ಟೀಕೆಯೊಡನೆ ಗ್ರಂಥವನ್ನು ಸಂಪಾದಿಸಿದರು. ಗುಜರಾತಿನ ಪಾಟಣದಲ್ಲಿ ದೊರೆತ ನಾಗರಿ ಲಿಪಿಯ ಖಂಡಪ್ರತಿಯನ್ನು ಮುನಿ ಜಿನವಿಜಯರು ೧೯೫೯ರಲ್ಲಿ ಪ್ರಕಟಿಸಿದರು. ದಕ್ಷಿಣದ ಪ್ರತಿಗಳನ್ನು ಉತ್ತರದ ಪ್ರತಿಯೊಂದರೊಡನೆ ಹೋಲಿಸುವ ಅವಕಾಶ ಇದರಿಂದ ಒದಗಿತು. ಇವೆಲ್ಲವನ್ನೂ ಬಳಸಿಕೊಂಡು ಆರ್. ಪಿ. ಕಾಂಗ್ಲೆ ಅವರು ಸಿದ್ಧಪಡಿಸಿದ ಪರಿಷ್ಕೃತ ಪಾಠವನ್ನು ಮುಂಬಯಿ ವಿಶ್ವವಿದ್ಯಾನಿಲಯವು ೧೯೬೦ರಲ್ಲಿ ಪ್ರಕಟಿಸಿತು. ಅನುವಾದವು ೧೯೬೩ರಲ್ಲಿಯೂ ಅಧ್ಯಯನಸಂಪುಟವು ೧೯೬೫ರಲ್ಲಿಯೂ ಬಂದುವು.

ಪಾಠವು ಸ್ಥಿರವಾದ ಮೇಲೆಯೇ ಅದರ ಬಗೆಗೆ ಹೊಸ ಪ್ರಶ್ನೆಗಳನ್ನು ಕೇಳಲು ಸಾಧ್ಯವಾಯಿತು. ಆರು ಸಾವಿರ ಶ್ಲೋಕವೆಂದರೆ ೩೨ ಅಕ್ಷರಗಳ ಅಳತೆಯಲ್ಲಿ ಆರು ಸಾವಿರವೆಂದು ಲೆಕ್ಕಹಾಕಿ, ಈಗಿರುವ ಗ್ರಂಥವು ಅದಕ್ಕಿಂತ ಕಡಿಮೆಯಿರುವುದರಿಂದ ಮೂಲದ ಐದನೆಯ ಒಂದಂಶದಿಂದ ನಾಲ್ಕನೆಯ ಒಂದಂಶದವರೆಗೆ ನಷ್ಟವಾಗಿರಬೇಕೆಂದು ಡಿ. ಡಿ. ಕೋಸಂಬಿ ಅವರು ೧೯೫೮ರಲ್ಲಿ ವಾದಿಸಿದರು. ೧೯೭೧ರಲ್ಲಿ ಥಾಮಸ್ ಟ್ರಾಟ್‌ಮನ್ ಅವರು ಗ್ರಂಥದ ಬೇರೆ ಬೇರೆ ಅಧಿಕರಣಗಳಲ್ಲಿ ಸಾಮಾನ್ಯ ಅವ್ಯಯಗಳ ಬಳಕೆಯನ್ನು ಎಣಿಸಿ, ಇದು ಒಬ್ಬನೇ ಬರೆದ ಗ್ರಂಥವಲ್ಲವೆಂದು ತೋರಿಸಲು ಯತ್ನಿಸಿದರು. ಈ ಅಭಿಪ್ರಾಯಗಳನ್ನು ಎಲ್ಲರೂ ಒಪ್ಪಬೇಕೆಂದಿಲ್ಲ. ಆದರೆ ಅಕ್ಷರಗಳನ್ನು ಎಣಿಸಲು, ಪದಗಳನ್ನು ತೂಗಲು, ಒಬ್ಬರ ಲೆಕ್ಕವನ್ನು ಇನ್ನೊಬ್ಬರು ಪರೀಕ್ಷಿಸಲು ಎಲ್ಲರ ಮುಂದೆಯೂ ಒಂದೇ ಅಚ್ಚಿನ ಪಾಠವಿರಬೇಕೆಂಬುದನ್ನು ಯಾರೂ ಅಲ್ಲಗಳೆಯಲಾರರು.

೭

ಲಾಭವನ್ನು ಹೇಳಿದ ಮೇಲೆ ನಷ್ಟವನ್ನೂ ಹೇಳಬೇಕು. ಮೊದಲು ಅಚ್ಚಾದ ಪಾಠಕ್ಕೆ, ಅದರಲ್ಲಿಯೂ ಇಂಗ್ಲಿಷ್ ಅನುವಾದಕ್ಕೆ, ದೊರೆಯುವ ಪ್ರಚಾರ ಅನಂತರದ ತಿದ್ದುಪಡಿಗಳಿಗೆ ದೊರೆಯುವುದಿಲ್ಲ. ೧೯೧೫ರ ಅನುವಾದವನ್ನು ಆಧರಿಸಿ ಬರೆದ ಇತಿಹಾಸಗಳಿಂದ ಪಠ್ಯಪುಸ್ತಕಗಳು, ಪಠ್ಯಪುಸ್ತಕಗಳಿಂದ ಭಾಷಣಗಳು ಹುಟ್ಟಿದುವು. ಕಾಂಗ್ಲೆ ಅವರ ಆವೃತ್ತಿ ಬಂದು ಆರು ದಶಕಗಳಿಗೂ ಹೆಚ್ಚು ಕಾಲ ಸಂದಿದ್ದರೂ, ೨೦೧೩ರಲ್ಲಿ ಪ್ಯಾಟ್ರಿಕ್ ಆಲಿವೆಲ್ ಅವರ ಹೊಸ ಅನುವಾದ ಹೊರಬಂದಿದ್ದರೂ, ಸುಲಭವಾಗಿ ದೊರೆಯುತ್ತದೆಂಬ ಕಾರಣದಿಂದ ಹಳೆಯ ಅನುವಾದವನ್ನೇ ಉದ್ಧರಿಸುವವರು ಈಗಲೂ ಅನೇಕರು. ಇದು ಶಾಮಶಾಸ್ತ್ರಿಗಳ ದೋಷವಲ್ಲ. ತಮ್ಮ ಪಾಠವನ್ನು ಅವರೇ ಎರಡು ಬಾರಿ ಮರುಮುದ್ರಣಕ್ಕೆ ಒಪ್ಪಿಸಿದ್ದರು. ಮುಂದುವರಿಯುತ್ತಿದ್ದ ಕಾರ್ಯವನ್ನು ಮುಗಿದ ಕಾರ್ಯವೆಂದು ತಿಳಿದ ಓದುಗರದೇ ಈ ದೋಷ.

ಕನ್ನಡದಲ್ಲಿಯೂ ಇಂಥದೇ ಪಾಠ ನಮಗೆ ದೊರೆಯುತ್ತದೆ. ಪಂಪನ ವಿಕ್ರಮಾರ್ಜುನ ವಿಜಯವನ್ನು ಬಿ. ಎಲ್. ರೈಸ್ ಅವರು ೧೮೯೮ರಲ್ಲಿ ಅಚ್ಚಿಗೆ ತಂದರು. ೧೯೩೧ರಲ್ಲಿ ಕನ್ನಡ ಸಾಹಿತ್ಯ ಪರಿಷತ್ತು ಬೆಳ್ಳಾವೆ ವೆಂಕಟನಾರಣಪ್ಪನವರ ನೇತೃತ್ವದಲ್ಲಿ ಅದನ್ನು ಪುನಃ ಸಂಪಾದಿಸಿ ಪ್ರಕಟಿಸಿತು. ಎರಡನೆಯದು ಬಂದುದರಿಂದ ಮೊದಲನೆಯದು ವ್ಯರ್ಥವಾಗಲಿಲ್ಲ. ಮೊದಲನೆಯದು ಇಲ್ಲದಿದ್ದಲ್ಲಿ ಎರಡನೆಯದರ ಅಗತ್ಯ ಅಷ್ಟು ಬೇಗ ತೋರುತ್ತಲೂ ಇರಲಿಲ್ಲ.

ಆದುದರಿಂದ ಪ್ರಾರಂಭದಲ್ಲಿ ಎತ್ತಿದ ಪ್ರಶ್ನೆಗೆ ಹೀಗೆ ಉತ್ತರ ಹೇಳಬಹುದು: ಒಂಟಿ ಹಸ್ತಪ್ರತಿಯನ್ನು ಅಚ್ಚು ಮಾಡುವುದು ಯುಕ್ತವೇ ಸರಿ, ಆದರೆ ಅದನ್ನು ತಿದ್ದಬಲ್ಲ ಮಾರ್ಗಗಳನ್ನು ತೆರೆದಿಟ್ಟು ಅಚ್ಚು ಮಾಡಬೇಕು. ಆಧಾರವನ್ನು ತಿಳಿಸುವುದು, ಭಾಗಭಾಗವಾಗಿ ಪರೀಕ್ಷೆಗೆ ಒಡ್ಡುವುದು, ಸೂಚಿಗಳನ್ನು ಒದಗಿಸುವುದು, ಮರುಸಂಪಾದನೆಗೆ ಸಿದ್ಧರಿರುವುದು—ಇವು ಆ ಮಾರ್ಗಗಳು. ಓದುಗರಿಗೂ ಇದರಲ್ಲಿ ಕರ್ತವ್ಯವುಂಟು. ಅರ್ಥಶಾಸ್ತ್ರದಿಂದ ವಾಕ್ಯವೊಂದನ್ನು ಎತ್ತಿ ತೋರಿಸುವ ಅಧ್ಯಾಪಕರೂ ವಿದ್ಯಾರ್ಥಿಗಳೂ ಅದು ಯಾರ ಆವೃತ್ತಿ, ಯಾವ ವರ್ಷದ್ದು ಎಂಬುದನ್ನು ಜೊತೆಗೇ ಬರೆಯುವ ಅಭ್ಯಾಸವಿಟ್ಟುಕೊಳ್ಳಬೇಕು. ಕಾಲೇಜುಗಳ ಗ್ರಂಥಾಲಯಗಳು ಹೊಸ ಆವೃತ್ತಿ ಬಂದಿತೆಂದು ಹಳೆಯದನ್ನು ಹೊರಹಾಕದೆ ಎರಡನ್ನೂ ಪಕ್ಕಪಕ್ಕದಲ್ಲಿ ಇರಿಸಬೇಕು. ಒಂದು ಪಾಠವು ಹೇಗೆ ಬದಲಾಯಿತು, ಏಕೆ ಬದಲಾಯಿತು ಎಂಬುದನ್ನು ವಿದ್ಯಾರ್ಥಿಯು ತನ್ನ ಕಣ್ಣಿನಿಂದಲೇ ಕಾಣಲು ಬೇರೆ ಉಪಾಯವಿಲ್ಲ.